ಕುಂಬಳಕಾಯಿಯೊಳಗಿನ ದೀಪ: ಹ್ಯಾಲೋವೀನ್ ನಡೆದು ಬಂದ ದಾರಿ

ಕನ್ನಡಿಗರ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಹ್ಯಾಲೋವೀನ್ ಹಬ್ಬವನ್ನು ಕುರಿತು ಬರೆಯುವ ಅಗತ್ಯವಾದರೂ ಏನು ಎಂದು ಓದುಗ ಮಿತ್ರರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಾನು ತೀರ್ಥಹಳ್ಳಿಯ ಕಡೆಯವನು. ಈ ದೇಶಕ್ಕೆ ಬಂದದ್ದು 1978ರಲ್ಲಿ. ಬಂದ ಮೊದಲ ಹದಿನಾಲ್ಕು ಹದಿನೈದು ವರ್ಷಗಳ ಕಾಲ ಅಕ್ಟೋಬರ್ 31ರ ಸಂಜೆ ನಮ್ಮ ಮನೆಯ ಹೊರಗಿನ ದೀಪವನ್ನು ಆರಿಸಿ, ಕಿಟಕಿಯ ಪರದೆ ಎಳೆದು, ಒಳಕೋಣೆಯಲ್ಲಿ ಕುಳಿತಿರುತ್ತಿದ್ದೆವು. ದೀಪ ಆರಿದ ಮನೆಯ ಕದವನ್ನು ಮಕ್ಕಳು ತಟ್ಟುವುದಿಲ್ಲ ಎಂಬ ಇಲ್ಲಿನ ಅಲಿಖಿತ ನಿಯಮವನ್ನು ಸಹೋದ್ಯೋಗಿಯೊಬ್ಬರಿಂದ ತಿಳಿದುಕೊಂಡಿದ್ದೆ. ಭೂತಪ್ರೇತಗಳ ವೇಷ ತೊಟ್ಟು ಮಕ್ಕಳು ಮನೆಮನೆಗೆ ತಿರುಗುವುದು ನನ್ನ ಕಣ್ಣಿಗೆ ಅಮಂಗಳವಾಗಿಯೂ ಭಿಕ್ಷಾಟನೆಯಾಗಿಯೂ ಕಾಣುತ್ತಿತ್ತು. ನಮ್ಮಲ್ಲಿ ಅನೇಕರ ಮನೆಗಳ ಕಥೆಯೂ ಇದೇ ಆಗಿದ್ದಿರಬೇಕು.

ಅಂತಹ ನಾನು 2024ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ, ಫ್ಲಾರಿಡಾದ ಆರ್ಲ್ಯಾಂಡೋ ಸಮೀಪದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್ಡಮ್ ಉದ್ಯಾನದಲ್ಲಿ, ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿಸಿಕೊಂಡು, ಕೈಯಲ್ಲಿ ಮಿಠಾಯಿಯ ಚೀಲ ಹಿಡಿದು ನಿಂತಿದ್ದೆ. ಮಗ, ಸೊಸೆ ಹಾಗೂ ಆರು ವರ್ಷದ ಮೊಮ್ಮಗಳ ಒತ್ತಾಯಕ್ಕೆ ಮಣಿದು ಹೊರಟಿದ್ದೆವು. ಅದು ಪಿತೃಪಕ್ಷದ ಕಾಲವಾದ್ದರಿಂದ ನನ್ನ ಪತ್ನಿ ಮೊದಲು ಹಿಂಜರಿದಳು. ಆ ದಿನ ಬೆಳಿಗ್ಗೆ ತಂದೆಯವರ ಹೆಸರಿನಲ್ಲಿ ತರ್ಪಣ ಬಿಟ್ಟು, ಸಂಜೆ ಭೂತಗಳ ಮೆರವಣಿಗೆ ನೋಡಲು ಹೋಗುವುದೇ ಎಂಬುದು ಅವಳ ಆಕ್ಷೇಪ. ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಓದಿದುದರ ಫಲವೇ ಪ್ರಸ್ತುತ ಲೇಖನ.

ಉದ್ಯಾನದ ಬಾಗಿಲಿನಲ್ಲಿ

ಈ ಸಂತೋಷಕೂಟದ ಹೆಸರೇ ಅದರ ಸ್ವಭಾವವನ್ನು ಹೇಳುತ್ತದೆ: 'ಮಿಕ್ಕೀಸ್ ನಾಟ್ ಸೋ ಸ್ಕೇರಿ ಹ್ಯಾಲೋವೀನ್ ಪಾರ್ಟಿ'. ಅಂದರೆ ಅಷ್ಟೇನೂ ಭಯ ಹುಟ್ಟಿಸದ ಕೂಟ. 1995ರ ಅಕ್ಟೋಬರ್ 31ರಂದು ಒಂದೇ ರಾತ್ರಿಗೆಂದು ಆರಂಭವಾದ ಇದು ಕ್ರಮೇಣ ಬೆಳೆದು, 2024ರ ಹೊತ್ತಿಗೆ ಆಗಸ್ಟ್ ತಿಂಗಳಲ್ಲಿಯೇ ತೊಡಗಿ ಅಕ್ಟೋಬರ್ ಕೊನೆಯವರೆಗೆ ಆಯ್ದ ರಾತ್ರಿಗಳಲ್ಲಿ ನಡೆಯುವಂತಾಗಿತ್ತು. ನಮ್ಮವರು ಶ್ರಾವಣದ ಹಬ್ಬಗಳಲ್ಲಿರುವಾಗಲೇ ಅಲ್ಲಿ ಕುಂಬಳಕಾಯಿಗಳು ನಗತೊಡಗುತ್ತವೆ! ಹಗಲಿನ ಟಿಕೆಟ್ಟು ಇದಕ್ಕೆ ಸಲ್ಲದು. ತಲೆಯೊಂದಕ್ಕೆ ನೂರು ಡಾಲರಿಗೂ ಮೀರಿದ ಪ್ರತ್ಯೇಕ ಟಿಕೆಟ್ಟು ಬೇಕು. ಸಂಜೆ ಏಳರಿಂದ ನಡುರಾತ್ರಿ ಹನ್ನೆರಡರವರೆಗೆ ಕೂಟ. ಸಾಮಾನ್ಯ ದಿನಗಳಲ್ಲಿ 14 ವರ್ಷ ಮೀರಿದವರು ಈ ಉದ್ಯಾನಕ್ಕೆ ವೇಷ ಧರಿಸಿ ಬರುವಂತಿಲ್ಲ. ಈ ರಾತ್ರಿಗಳಲ್ಲಿ ಮಾತ್ರ ದೊಡ್ಡವರಿಗೂ ಆ ಸ್ವಾತಂತ್ರ್ಯವುಂಟು. ಆದರೆ ಅವರು ಮುಖವಾಡ ಹಾಕುವಂತಿಲ್ಲ.

ಸೆಪ್ಟೆಂಬರಿನ ಫ್ಲಾರಿಡಾ ನಮ್ಮ ಕರಾವಳಿಯ ಹಾಗೆ ಬೆವರಿಳಿಸುತ್ತದೆ. ಬೆವರಿನಲ್ಲಿಯೇ ರಾಜಕುಮಾರಿಯರು, ಕಡಲ್ಗಳ್ಳರು, ಅಸ್ಥಿಪಂಜರಗಳು ಐಸ್‌ಕ್ರೀಮು ತಿನ್ನುತ್ತ ನಡೆದಿದ್ದವು. ಮೊಮ್ಮಗಳು ಮಾಟಗಾತಿಯ ಚೂಪು ಟೊಪ್ಪಿಗೆ ಧರಿಸಿದ್ದಳು. ದಾರಿಯ ಗೊತ್ತಾದ ಸ್ಥಳಗಳಲ್ಲಿ ನಿಂತ ಸಿಬ್ಬಂದಿಯವರು ಚೀಲಗಳಿಗೆ ಮಿಠಾಯಿಯನ್ನು ಬೊಗಸೆಯಲ್ಲಿ ಸುರಿಯುತ್ತಿದ್ದರು. ಮೆರವಣಿಗೆಗೆ ಮುನ್ನ ದೀಪಗಳು ಮಂದವಾದವು. ಕರಿಯ ಕುದುರೆಯೊಂದು ಧಾವಿಸಿ ಬಂದಿತು. ಅದರ ಮೇಲೆ ರುಂಡವಿಲ್ಲದ ಸವಾರ, ಅವನ ಕೈಯಲ್ಲಿ ಹೊಳೆಯುವ ಕುಂಬಳಕಾಯಿ. ಮೊಮ್ಮಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದು, "ತಾತ, ಅವನ ತಲೆ ಎಲ್ಲಿ?" ಎಂದು ಕೇಳಿದಳು.

ಆ ತಲೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹಾರಿಹೋಯಿತು. ವಾಷಿಂಗ್ಟನ್ ಅರ್ವಿಂಗ್ 1820ರಲ್ಲಿ ಪ್ರಕಟಿಸಿದ ಸ್ಲೀಪಿ ಹಾಲೋ ಕಥೆಯಲ್ಲಿ, ಬ್ರಿಟಿಷರ ಪರವಾಗಿ ಕಾದಿದ ಜರ್ಮನಿಯ ಹೆಸ್ಸಿಯನ್ ಸವಾರನೊಬ್ಬನ ರುಂಡವನ್ನು ಫಿರಂಗಿ ಗುಂಡು ಒಯ್ಯುತ್ತದೆ. ಅವನ ಪ್ರೇತ ಇರುಳಿನಲ್ಲಿ ಅದನ್ನು ಅರಸುತ್ತದೆ. ಪರದೇಶದಲ್ಲಿ ಸತ್ತು ಊರು ಸೇರಲಾರದೆ ಉಳಿದ ಒಬ್ಬ ವಲಸಿಗನ ಪ್ರೇತವದು. ಗಮನಿಸಬೇಕಾದ ಸಂಗತಿಯೆಂದರೆ ಅರ್ವಿಂಗನ ಕಥೆಯಲ್ಲಿ ಹ್ಯಾಲೋವೀನ್ ಎಂಬ ಮಾತೇ ಇಲ್ಲ. ಕಥೆಗೂ ಹಬ್ಬಕ್ಕೂ ನಂಟು ಬೆಳೆದದ್ದು ಅನಂತರದ ಕಾಲದಲ್ಲಿ.

ಸಾವಿನ್ ಎಂಬ ಹಬ್ಬ

ಹಬ್ಬದ ಬೇರುಗಳು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಕೆಲ್ಟಿಕ್ ಜನರಲ್ಲಿವೆ. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ನವೆಂಬರ್ 1 ಅವರಿಗೆ ದೊಡ್ಡ ಪರ್ವ. ದಿನದ ಲೆಕ್ಕ ಸೂರ್ಯಾಸ್ತದಿಂದ ಆರಂಭವಾಗುತ್ತಿದ್ದುದರಿಂದ ಹಿಂದಿನ ಸಂಜೆಯೇ ಹಬ್ಬ ತೊಡಗುತ್ತಿತ್ತು. ಆ ಪರ್ವದ ಹೆಸರಿನ ಉಚ್ಚಾರ 'ಸಾವಿನ್' ಎಂಬುದಕ್ಕೆ ಹತ್ತಿರವಾದುದು. ಕನ್ನಡದ ಕಿವಿಗೆ ಇದೊಂದು ವಿಚಿತ್ರ ಕಾಕತಾಳೀಯ. ಬೇಸಗೆಯ ಕೊನೆ ಎಂಬುದು ಅದಕ್ಕೆ ಸಾಂಪ್ರದಾಯಿಕವಾಗಿ ಹೇಳುವ ಅರ್ಥ. ಜಾನುವಾರುಗಳನ್ನು ಮೇಯುವ ಬೆಟ್ಟಗಳಿಂದ ಕೆಳಗಿಳಿಸುವ, ಬೆಂಕಿ ಹೊತ್ತಿಸುವ ಕಾಲವದು. ಈ ಲೋಕಕ್ಕೂ ಆ ಲೋಕಕ್ಕೂ ನಡುವಣ ಬಾಗಿಲು ಆ ರಾತ್ರಿ ತೆರೆದಿರುತ್ತದೆ ಎಂಬ ನಂಬಿಕೆ ಮಧ್ಯಯುಗದ ಐರಿಷ್ ಕಥೆಗಳಲ್ಲಿ ದಾಖಲಾಗಿದೆ. ಈ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು ಎಂಬುದನ್ನು ಮರೆಯುವಂತಿಲ್ಲ.

ಕ್ರೈಸ್ತ ಧರ್ಮವೂ ಇದೇ ದಿನಗಳಿಗೆ ತನ್ನ ಹಬ್ಬಗಳನ್ನು ತಂದಿತು. ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗೊರಿ ಪೋಪರು ರೋಮಿನಲ್ಲಿ ಸಕಲ ಸಂತರ ಹೆಸರಿನಲ್ಲಿ ಪ್ರಾರ್ಥನಾ ಮಂದಿರವೊಂದನ್ನು ಅರ್ಪಿಸಿದರು. 835ರಲ್ಲಿ ನಾಲ್ಕನೆಯ ಗ್ರೆಗೊರಿ ಪೋಪರ ಕಾಲದಲ್ಲಿ ನವೆಂಬರ್ 1ರ ಸಕಲ ಸಂತರ ದಿನ ಫ್ರಾಂಕ್ ಸಾಮ್ರಾಜ್ಯದಾದ್ಯಂತ ಆಚರಣೆಗೆ ಬಂದಿತು. ಹತ್ತನೆಯ ಶತಮಾನದ ಕೊನೆಗೆ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ನವೆಂಬರ್ 2ನ್ನು ಗತಿಸಿದ ಸಕಲ ಆತ್ಮಗಳ ಪ್ರಾರ್ಥನೆಗೆ ಮೀಸಲಿಟ್ಟರು. ಸಂತರಿಗೆ ಹಳೆಯ ಇಂಗ್ಲಿಷಿನಲ್ಲಿ 'ಹ್ಯಾಲೋ' ಎಂಬ ಪದವಿದ್ದುದರಿಂದ, ಅವರ ದಿನದ ಮುನ್ನಾ ಸಂಜೆ 'ಆಲ್ ಹ್ಯಾಲೋಸ್ ಈವನ್' ಆಗಿ, ಸವೆದು ಹ್ಯಾಲೋವೀನ್ ಆಯಿತು.

ಇಂಗ್ಲೆಂಡಿನಲ್ಲಿ ಈ ದಿನಗಳಂದು ಬಡವರೂ ಮಕ್ಕಳೂ ಮನೆಮನೆಗೆ ಹೋಗಿ, ಆ ಮನೆಯಲ್ಲಿ ಗತಿಸಿದವರಿಗಾಗಿ ಪ್ರಾರ್ಥಿಸುವುದಾಗಿ ಹೇಳಿ 'ಆತ್ಮದ ರೊಟ್ಟಿ'ಗಳನ್ನು ಪಡೆಯುತ್ತಿದ್ದರು. ಶೇಕ್ಸ್‌ಪಿಯರನ ನಾಟಕವೊಂದರಲ್ಲಿ ಈ ದಿನದ ಭಿಕ್ಷುಕರ ಪ್ರಸ್ತಾಪವಿದೆ. ಇಲ್ಲಿಗೆ ಬಂದಾಗ ನನ್ನ ಓದು ಒಂದು ಕ್ಷಣ ನಿಂತಿತು. ಮಳೆಗಾಲ ಹಿಂದೆ ಸರಿದು ಶರತ್ಕಾಲ ತೊಡಗುವ ಸಂಧಿ. ಗತಿಸಿದವರು ಮನೆಯ ಹತ್ತಿರ ಬರುತ್ತಾರೆಂಬ ನಂಬಿಕೆ. ಅವರ ಹೆಸರಿನಲ್ಲಿ ಅನ್ನದಾನ. ನನ್ನ ಅಜ್ಜಿ ಪಿತೃಪಕ್ಷದಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಎಲೆ ಇಟ್ಟು ಕಾಗೆಗಾಗಿ ಕಾಯುತ್ತಿದ್ದ ದೃಶ್ಯ ಕಣ್ಣ ಮುಂದೆ ಬಂದಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಕಡೆ ಮನುಷ್ಯರ ಕಳವಳ ಒಂದೇ: ಹೋದವರು ಹಸಿದಿರಬಾರದು.

ಹಡಗು ಹತ್ತಿ ಬಂದ ಹಬ್ಬ

ಐರ್ಲೆಂಡಿನ ಜನ ಆ ರಾತ್ರಿ ಟರ್ನಿಪ್ ಗಡ್ಡೆಯನ್ನು ಕೊರೆದು, ಅದಕ್ಕೆ ವಿಕಾರವಾದ ಮುಖ ಕೆತ್ತಿ, ಒಳಗೆ ಕಿಡಿಯಿಡುತ್ತಿದ್ದರು. ಅಂತಹ ಹಳೆಯ ಗಡ್ಡೆಯೊಂದರ ಅಚ್ಚನ್ನು ಐರ್ಲೆಂಡಿನ ಮೇಯೋ ಪ್ರಾಂತದ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ಚಿತ್ರದಲ್ಲಿ ನೋಡಿದರೂ ಎದೆ ಝಲ್ಲೆನ್ನುತ್ತದೆ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಈ ಹಬ್ಬದ ಹೆಸರಿನಲ್ಲಿಯೇ ದೀರ್ಘ ಕವಿತೆಯೊಂದನ್ನು ರಚಿಸಿ, ರೈತರ ಮನೆಯ ಆಟಪಾಟಗಳನ್ನು, ಮದುವೆಯ ಶಕುನ ನೋಡುವ ಹುಡುಗಿಯರನ್ನು ವರ್ಣಿಸಿದನು.

1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಘೋರ ಕ್ಷಾಮ ತಲೆದೋರಿತು. ಸುಮಾರು 10 ಲಕ್ಷ ಜನ ಸತ್ತರು. 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅವರಲ್ಲಿ ಬಹುಮಂದಿ ಬಂದಿಳಿದದ್ದು ಅಮೆರಿಕದ ಪೂರ್ವತೀರದ ರೇವುಗಳಲ್ಲಿ. ನಾವು ಪದವಿಪತ್ರಗಳನ್ನು ಹಿಡಿದು ವಿಮಾನದಲ್ಲಿ ಬಂದೆವು. ಅವರು ಹಸಿವನ್ನು ಹೊತ್ತು ಹಡಗಿನಲ್ಲಿ ಬಂದರು. ಅವರ ಧರ್ಮವನ್ನೂ ಬಡತನವನ್ನೂ ಮಾತಿನ ರೀತಿಯನ್ನೂ ಇಲ್ಲಿನವರು ತಿರಸ್ಕಾರದಿಂದ ಕಂಡರು. ಇಂದು ಅಮೆರಿಕದ ಪ್ರತಿ ಬೀದಿಯೂ ಆಚರಿಸುವ ಹಬ್ಬವು, ಅಂದು ಬೇಡದ ಅತಿಥಿಗಳ ಗಂಟಿನಲ್ಲಿ ಬಂದದ್ದು ಎಂಬುದು ಇತಿಹಾಸದ ದೊಡ್ಡ ಪಾಠಗಳಲ್ಲೊಂದು.

ಇಲ್ಲಿ ಅವರಿಗೆ ಟರ್ನಿಪ್ಪಿಗಿಂತ ಮಿಗಿಲಾದ ವಸ್ತುವೊಂದು ದೊರಕಿತು: ಸಿಹಿಗುಂಬಳ. ದೊಡ್ಡದು, ಮೃದುವಾದುದು, ಕೊರೆಯಲು ಸುಲಭ. ಅದು ಅಮೆರಿಕ ಖಂಡದ್ದೇ ಬೆಳೆ. ನಮ್ಮ ಹುಳಿ, ಪಲ್ಯಗಳಿಗೆ ಒಗ್ಗಿಹೋದ ಸಿಹಿಗುಂಬಳವೂ ಕೊಲಂಬಸನ ಯಾನದ ಅನಂತರವೇ ಈ ಕಡೆಯಿಂದ ಆ ಕಡೆಗೆ ದಾಟಿದ್ದು. ಬೂದುಗುಂಬಳವಾದರೋ ಏಷ್ಯದ್ದು. ಹೊಸ ಮನೆಯ ಮುಂದೆ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ದೃಷ್ಟಿ ನಿವಾರಣೆಗೆಂದು ಕಟ್ಟುವ ನಮಗೆ, ಕೆಟ್ಟದ್ದನ್ನು ಓಡಿಸಲು ಕಾಯಿಗೆ ಕೆಟ್ಟ ಮುಖವನ್ನೇ ಕೊಡುವ ತರ್ಕವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೂ ನೆರೆಮನೆಯ ಜಗಲಿಯ ಕುಂಬಳಕಾಯಿಯನ್ನು ನಾನು ಹದಿನೈದು ವರ್ಷ ಅಪರಿಚಿತನಂತೆ ನೋಡಿದೆನಲ್ಲ!

ಪುಂಡಾಟದಿಂದ ಮಿಠಾಯಿಗೆ

ಅಮೆರಿಕದ ಆರಂಭದ ಹ್ಯಾಲೋವೀನ್ ಇಂದಿನಷ್ಟು ಸೌಮ್ಯವಾಗಿರಲಿಲ್ಲ. ಹುಡುಗರ ಗುಂಪುಗಳು ಬೇಲಿಯ ಗೇಟು ಕಿತ್ತೊಯ್ಯುವುದು, ಬಂಡಿಯನ್ನು ಮಾಡಿನ ಮೇಲೇರಿಸುವುದು, ಕಿಟಕಿಗೆ ಸೋಪು ಬಳಿಯುವುದು ಸಾಮಾನ್ಯವಾಗಿತ್ತು. ನಗರಗಳು ಬೆಳೆದಂತೆ ಈ ಚೇಷ್ಟೆ ಆಸ್ತಿನಾಶಕ್ಕೆ ತಿರುಗಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮಿತಿಮೀರಿತು. ಇದಕ್ಕೆ ಊರುಗಳು ಕಂಡುಕೊಂಡ ಉಪಾಯ ದಂಡನೆಗಿಂತ ಜಾಣತನದ್ದು. ಮಿನೆಸೋಟ ರಾಜ್ಯದ ಅನೋಕ ಎಂಬ ಪುಟ್ಟ ಪಟ್ಟಣವು 1920ರಲ್ಲಿಯೇ ಮಕ್ಕಳಿಗಾಗಿ ಮೆರವಣಿಗೆಯನ್ನು ಏರ್ಪಡಿಸಿತು. ಇತರ ಊರುಗಳೂ ಅದೇ ದಾರಿ ಹಿಡಿದವು.

'ಟ್ರಿಕ್ ಆರ್ ಟ್ರೀಟ್', ಅಂದರೆ ತಿಂಡಿ ಕೊಡುವಿರೋ ಕೀಟಲೆ ಮಾಡಲೋ ಎಂಬ ಕೂಗು ಅಚ್ಚಿನಲ್ಲಿ ಕಾಣಿಸಿಕೊಂಡ ಆರಂಭದ ದಾಖಲೆಗಳಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ಬ್ಲಾಕಿ ಎಂಬ ಹಳ್ಳಿಯ 1927ರ ಪತ್ರಿಕಾ ವರದಿಯೂ ಒಂದು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದು ಹಬ್ಬ ಸೊರಗಿತು. 1947ರಲ್ಲಿ ಆ ನಿರ್ಬಂಧ ತೆರವಾದ ಮೇಲೆ, ಹೊಸದಾಗಿ ಎದ್ದ ಉಪನಗರಗಳ ಸಾಲುಮನೆಗಳಲ್ಲಿ ಅದು ಮತ್ತೆ ಚಿಗುರಿತು. 1950ರಲ್ಲಿ ಮಕ್ಕಳು ಮಿಠಾಯಿಯ ಜೊತೆಗೆ ಯುನಿಸೆಫ್‌ಗಾಗಿ ಚಿಲ್ಲರೆ ಕಾಸು ಕೂಡಿಸುವ ಪದ್ಧತಿಯೂ ಆರಂಭವಾಯಿತು.

ಇದನ್ನು ಭಿಕ್ಷಾಟನೆ ಎಂದು ಹಳಿದಿದ್ದ ನಾನು ನನ್ನ ಬಾಲ್ಯವನ್ನೇ ಮರೆತಿದ್ದೆ. ನಮ್ಮ ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಂದು ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಯಿಂದ ಮನೆಗೆ ಬರುತ್ತಿದ್ದರು. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ದುಡ್ಡು ನೀಡಿ ಕಳುಹಿಸುತ್ತಿದ್ದರು. ಉತ್ತರ ಕರ್ನಾಟಕದ ಮಿತ್ರರು ಹೋಳಿಯಲ್ಲಿ ಕಾಮಣ್ಣನಿಗಾಗಿ ಕಟ್ಟಿಗೆ, ಕುಳ್ಳು ಬೇಡಿ, ಕೊಡದವರ ಹಿತ್ತಿಲಿನಿಂದ ಕದ್ದ ಕಥೆಗಳನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಕೊಟ್ಟರೆ ಹಾರೈಕೆ, ಕೊಡದಿದ್ದರೆ ಕೀಟಲೆ! ಮಕ್ಕಳು ವರ್ಷಕ್ಕೊಂದು ರಾತ್ರಿ ಊರನ್ನು ಆಳುವ ಹಕ್ಕನ್ನು ಎಲ್ಲ ಸಮಾಜಗಳೂ ಒಂದಲ್ಲ ಒಂದು ಬಗೆಯಲ್ಲಿ ಮಾನ್ಯ ಮಾಡಿವೆ.

ತೆರೆದ ಕದ, ಮುಚ್ಚಿದ ಕದ

ಕದ ತಟ್ಟುವ ಹಬ್ಬಕ್ಕೆ ಪರಸ್ಪರ ನಂಬಿಕೆಯೇ ಆಧಾರ. 1970ರ ದಶಕದಿಂದ ಆ ನಂಬಿಕೆ ಅಲುಗಾಡತೊಡಗಿತು. 1974ರಲ್ಲಿ ಟೆಕ್ಸಸ್‌ನಲ್ಲಿ ಬಾಲಕನೊಬ್ಬ ಹ್ಯಾಲೋವೀನ್ ಮಿಠಾಯಿಯಲ್ಲಿದ್ದ ವಿಷದಿಂದ ಸತ್ತನು. ವಿಷವಿಟ್ಟವನು ಅಪರಿಚಿತನಲ್ಲ, ವಿಮೆಯ ಹಣದಾಸೆಗೆ ಬಿದ್ದ ಹೆತ್ತ ತಂದೆಯೇ. 1982ರ ಶರತ್ಕಾಲದಲ್ಲಿ ಶಿಕಾಗೋ ಪರಿಸರದಲ್ಲಿ ಸಯನೈಡ್ ಬೆರೆತ ಟೈಲೆನಾಲ್ ಗುಳಿಗೆಗಳಿಂದ 7 ಮಂದಿ ಮಡಿದಾಗ ದೇಶಾದ್ಯಂತ ತಂದೆತಾಯಿಗಳು ಮಿಠಾಯಿಯ ಹೊದಿಕೆಗಳನ್ನು ಅನುಮಾನದಿಂದ ಪರೀಕ್ಷಿಸತೊಡಗಿದರು. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಹಳೆಯ ಪತ್ರಿಕಾ ವರದಿಗಳನ್ನೆಲ್ಲ ಶೋಧಿಸಿ, ಅಪರಿಚಿತರು ಮಕ್ಕಳಿಗೆ ವಿಷವಿಕ್ಕುವರೆಂಬ ಭೀತಿಗೆ ಆಧಾರವಿಲ್ಲವೆಂದು 1985ರಲ್ಲಿ ತೋರಿಸಿಕೊಟ್ಟರು. ಆದರೆ ಭಯಕ್ಕೆ ಅಂಕಿಅಂಶಗಳು ಮದ್ದಲ್ಲ.

ನನ್ನ ಭಯ ಬೇರೆಯದಾಗಿತ್ತು. 1992ರಲ್ಲಿ ಒಂಬತ್ತು ವರ್ಷದ ನನ್ನ ಮಗನ ಹಟಕ್ಕೆ ಸೋತು, ಆ ವರ್ಷ ಹೋಗಬಹುದೆಂದು ಒಪ್ಪಿದ್ದೆ. ಅಕ್ಟೋಬರ್ 17ರ ರಾತ್ರಿ ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿ, ಹ್ಯಾಲೋವೀನ್ ಕೂಟಕ್ಕೆಂದು ಬಿಳಿಯ ಉಡುಪು ತೊಟ್ಟು ಹೊರಟ 16 ವರ್ಷದ ಜಪಾನಿ ವಿದ್ಯಾರ್ಥಿಯೊಬ್ಬ ತಪ್ಪಾದ ಮನೆಯ ಗಂಟೆಯನ್ನು ಒತ್ತಿದನು. ಮನೆಯ ಯಜಮಾನ ಅವನನ್ನು ಗುಂಡಿಕ್ಕಿ ಕೊಂದನು. ಮರುವರ್ಷ ನ್ಯಾಯಮಂಡಳಿ ಆತನನ್ನು ನಿರ್ದೋಷಿಯೆಂದಿತು. ಆ ಸುದ್ದಿಯನ್ನು ಓದಿದ ದಿನದಿಂದ ನನಗೆ ನಿದ್ರೆ ಬರಲಿಲ್ಲ. ಪರದೇಶದ ಹುಡುಗ, ತೊದಲುವ ಇಂಗ್ಲಿಷು, ತಪ್ಪಾದ ಬಾಗಿಲು.

31ರ ಸಂಜೆ ಮಗ ಪ್ರೇತದ ವೇಷದಲ್ಲಿ ಎದುರು ನಿಂತನು. ಅವನು ಹೊದ್ದದ್ದು ನನ್ನ ತಂದೆಯವರ ಬಿಳಿಯ ಪಂಚೆ. 1989ರಲ್ಲಿ ಅವರು ತೀರಿಕೊಂಡಾಗ ಊರಿಗೆ ಹೋಗಿ ನೆನಪಿಗೆಂದು ತಂದದ್ದು. ಕಣ್ಣಿಗಾಗಿ ಅದರಲ್ಲಿ ಎರಡು ತೂತುಗಳನ್ನು ಕತ್ತರಿಸಿದ್ದನು. ನಾನು ಕೂಗಾಡಿದೆ, ಹೊರಗೆ ಹೋಗಕೂಡದೆಂದೆ. ಪಂಚೆಯ ನೆಪದಲ್ಲಿ ಮಗನನ್ನು ಒಳಗಿರಿಸಿಕೊಂಡೆನೇ ಹೊರತು, ನನಗೆ ಹೆದರಿಕೆಯಾಗಿದೆ ಎಂಬ ನಿಜವನ್ನು ಹೇಳಲಿಲ್ಲ. ಮರುವರ್ಷ ಪತ್ನಿಯೇ ಅವನ ಕೈಹಿಡಿದು ಬೀದಿಗೆ ಕರೆದೊಯ್ದಳು. ಅಂದಿನಿಂದ ಹೊರಗಿನ ದೀಪವೂ ಉರಿಯತೊಡಗಿತು. ಆದರೆ ಆ ಸಂಜೆಯ ಮಾತು ನಮ್ಮ ನಡುವೆ ಮತ್ತೆ ಬರಲಿಲ್ಲ.

ಟಿಕೆಟ್ಟಿನ ಭೂತಗಳು

ಬೀದಿಯ ಭಯ ಹೆಚ್ಚಿದಂತೆ, ಗೋಡೆಯೊಳಗಿನ ಸುರಕ್ಷಿತ ಭಯಕ್ಕೆ ಬೇಡಿಕೆಯೂ ಹೆಚ್ಚಿತು. ಹಣ ಕೊಟ್ಟು ಹೆದರಿಕೊಳ್ಳುವ ಮನೆಗಳು ಹೊಸತೇನಲ್ಲ. ಇಂಗ್ಲೆಂಡಿನಲ್ಲಿ 1915ರಲ್ಲಿ ಕಟ್ಟಿದ ಉಗಿಯಂತ್ರದ ಭೂತದ ಮನೆಯೊಂದನ್ನು ಕಾಪಾಡಿಕೊಂಡು ಬರಲಾಗಿದೆ. ಡಿಸ್ನಿಲ್ಯಾಂಡಿನ ಪ್ರಸಿದ್ಧ ಭೂತಬಂಗಲೆ 1969ರಲ್ಲಿ ತೆರೆಯಿತು. ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ಉದ್ಯಾನದ ಜೊತೆಯಲ್ಲಿಯೇ ತೆರೆಯಿತು. ಹ್ಯಾಲೋವೀನ್ ರಾತ್ರಿಗಳನ್ನೇ ಉದ್ಯಾನದ ಉದ್ಯಮವಾಗಿಸಿದ ಕೀರ್ತಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್‌ಗೆ ಸಲ್ಲಬೇಕು. ಹಣ್ಣಿನ ತೋಟ ಹಾಗೂ ಕೋಳಿಯೂಟದ ಹೋಟೆಲಿನಿಂದ ಬೆಳೆದ ಆ ಉದ್ಯಾನ 1973ರಲ್ಲಿ ಅಂತಹ ರಾತ್ರಿಗಳನ್ನು ಆರಂಭಿಸಿತು. 1991ರಲ್ಲಿ ಆರ್ಲ್ಯಾಂಡೋದ ಯೂನಿವರ್ಸಲ್ ಉದ್ಯಾನವೂ ಅದನ್ನು ಅನುಸರಿಸಿತು. ಆಟದ ಭಯ ನಿಜದ ಸಾವಾದದ್ದೂ ಉಂಟು: 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನದ ಭೂತದ ಕೋಟೆಗೆ ಬೆಂಕಿ ಬಿದ್ದು 8 ಮಂದಿ ಹದಿಹರೆಯದವರು ಸತ್ತರು. ಇಂತಹ ಕಟ್ಟಡಗಳಲ್ಲಿ ನೀರು ಚಿಮ್ಮಿಸುವ ಅಗ್ನಿಶಾಮಕ ವ್ಯವಸ್ಥೆ ಕಡ್ಡಾಯವಾಗುವುದಕ್ಕೆ ಆ ದುರಂತ ಪ್ರೇರಣೆಯಾಯಿತು.

2023ರಲ್ಲಿ ಅಮೆರಿಕದವರು ಈ ಹಬ್ಬಕ್ಕಾಗಿ ಮಾಡುವ ವೆಚ್ಚ 1,220 ಕೋಟಿ ಡಾಲರ್ ಎಂದು ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು. ಕ್ಷಾಮದಲ್ಲಿ ಹಸಿದು ಬಂದವರ ಹಬ್ಬ ಎಲ್ಲಿಂದ ಎಲ್ಲಿಗೆ ಬಂದಿತು!

ಮುನ್ನಾ ಸಂಜೆ

ಆ ರಾತ್ರಿ ಮೆರವಣಿಗೆ ಮುಗಿದ ಮೇಲೆ ಸೊಸೆ, ಮೊಮ್ಮಗಳು ಹಾಗೂ ಪತ್ನಿ ಮಿಠಾಯಿಯ ಸಾಲಿನಲ್ಲಿ ನಿಂತರು. ನಾನೂ ಮಗನೂ ಬೆಂಚಿನ ಮೇಲೆ ಕುಳಿತೆವು. ಅವನಿಗೀಗ ನಲವತ್ತೊಂದು ವರ್ಷ. ತಲೆಗೆ ಕಡಲ್ಗಳ್ಳನ ಕೆಂಪು ವಸ್ತ್ರ ಸುತ್ತಿದ್ದನು. ಬ್ಯಾಟನ್ ರೂಜಿನ ಆ ಹುಡುಗನ ವಿಷಯವನ್ನು ಅವನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಪಂಚೆ ಹಾಳು ಮಾಡಿದ್ದಕ್ಕೆ ಎಂದೇ ಇಷ್ಟು ವರ್ಷ ತಿಳಿದಿದ್ದೆ ಅಪ್ಪ" ಎಂದನು. ಅಷ್ಟರಲ್ಲಿ ಮೊಮ್ಮಗಳು ಓಡಿಬಂದು ನನ್ನ ಚೀಲಕ್ಕೂ ಒಂದು ಹಿಡಿ ಮಿಠಾಯಿ ಹಾಕಿದಳು.

ಉದ್ಯಾನದ ಕೂಟದಲ್ಲಿ ನನಗೆ ಕಂಡ ಕೊರತೆ ಒಂದೇ. ಅಲ್ಲಿ ಯಾರೂ ಯಾರ ಕದವನ್ನೂ ತಟ್ಟುವುದಿಲ್ಲ. ಸುರಕ್ಷತೆಯುಂಟು, ಸಂಭ್ರಮವುಂಟು, ನೆರೆಯವನ ಬಾಗಿಲು ಮಾತ್ರ ಇಲ್ಲ. ನಮ್ಮ ಹಬ್ಬಗಳೂ ಈ ನಾಡಿನಲ್ಲಿ ಬೇರೂರುತ್ತಿವೆ. 2016ರಲ್ಲಿ ದೀಪಾವಳಿಯ ಅಂಚೆಚೀಟಿ ಬಂದಿತು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2024ರ ನವೆಂಬರ್ 1ರಂದು ಮೊದಲ ಬಾರಿಗೆ ದೀಪಾವಳಿಗೆ ರಜೆ ನೀಡಿದವು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ನಮ್ಮ ದೀಪಾವಳಿ ಬಾಡಿಗೆಯ ಸಭಾಂಗಣದೊಳಗೆ, ಟಿಕೆಟ್ಟು ಹರಿದವರಿಗಷ್ಟೇ ನಡೆಯುವ ಕೂಟವಾಗಿ ಉಳಿಯುವುದೋ, ಅಥವಾ ಐರಿಷರ ಹಬ್ಬದಂತೆ ಪಕ್ಕದ ಮನೆಯ ಜಗಲಿಗೂ ದಾಟುವುದೋ ಎಂಬುದು ನಮ್ಮ ಕೈಯಲ್ಲಿದೆ.

ಇನ್ನೊಂದು ಮಾತು. ಹ್ಯಾಲೋವೀನ್ ಸಂತರ ದಿನದ ಮುನ್ನಾ ಸಂಜೆಯಾದರೆ, ಕನ್ನಡಿಗರಾದ ನಮಗೆ ಅದು ರಾಜ್ಯೋತ್ಸವದ ಮುನ್ನಾ ಸಂಜೆ. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ನಾಡು ಒಂದಾಯಿತು. ನಾಟ್ಸ್ ಉದ್ಯಾನದಲ್ಲಿ ಹ್ಯಾಲೋವೀನ್ ರಾತ್ರಿಗಳು ಆರಂಭವಾದ 1973ರಲ್ಲಿಯೇ ಅದಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಹಿಂದಿನ ಸಂಜೆ ನೆರೆಯ ಮಕ್ಕಳ ಕೈಗೆ ಮಿಠಾಯಿ ಹಾಕಿ, ಮರುದಿನ ಬೆಳಿಗ್ಗೆ ಭುವನೇಶ್ವರಿಯ ಚಿತ್ರಕ್ಕೆ ಹೂವೇರಿಸುವುದರಲ್ಲಿ ನನಗೀಗ ಯಾವ ವಿರೋಧವೂ ಕಾಣುವುದಿಲ್ಲ.

ತಂದೆಯವರ ಪಂಚೆ ಇನ್ನೂ ನಮ್ಮಲ್ಲಿದೆ. ಆ ಎರಡು ತೂತುಗಳಿಗೆ ಪತ್ನಿ ಅಂದೇ ತೇಪೆ ಹಾಕಿದ್ದಳು. ಪಿತೃಪಕ್ಷದ ತರ್ಪಣಕ್ಕೆ ಪ್ರತಿವರ್ಷ ನಾನು ಉಡುವುದು ಅದನ್ನೇ.